ರೊಟ್ಟಿ ತಿಂದ ಕೌದಿ

ಸಂತೆಯ ಅಂಗಡಿಯೊಂದರಲ್ಲಿ ಮಿಲ್ಲಿನ ರಗ್ಗೂ ಹಳೇ ಸೀರೆ ತುಂಡುಗಳ ಕೌದಿಯೂ ಪಕ್ಕಪಕ್ಕ ತೂಗುತ್ತಿದ್ದವು. ಸಂಜೆಯೊಳಗೆ ಯಾರೂ ಕೊಳ್ಳದಿದ್ದರೆ ರಗ್ಗು ಮತ್ತೆ ಗೋದಾಮಿನ ಕತ್ತಲೆಗೆ ಹೋಗಬೇಕಿತ್ತು. ಅದಕ್ಕೇ ಅದು ಬಂದವರಿಗೆಲ್ಲ, "ನಾನು ಮೆತ್ತಗಿದ್ದೇನೆ, ಬಣ್ಣ ಬಿಡುವುದಿಲ್ಲ, ಬಹಳ ಬಾಳುತ್ತೇನೆ" ಎಂದು ಸಾರುತ್ತಿತ್ತು. ಜನ ತಲೆಯಾಡಿಸಿ ಮುಂದೆ ಹೋಗುತ್ತಿದ್ದರು.

ಬಾಳವ್ವ ಎಂಬಾಕೆ ಬಂದಾಗ ಕೌದಿ ಹೇಳಿತು: "ತಾಯಿ, ನನ್ನನ್ನು ಹೊಲಿದವಳು ಕೊನೆಯ ಮೂಲೆ ಮುಚ್ಚುವ ಮುನ್ನ ಒಳಗೊಂದು ರೊಟ್ಟಿ ಚೂರು ಇಟ್ಟಳು. ಹಸಿದ ಕೌದಿ ಚಳಿ ತಡೆಯುವುದಿಲ್ಲವಂತೆ."

ಬಾಳವ್ವ ನಕ್ಕಳು. "ನಮ್ಮವ್ವ ಜೋಳದ ಕಾಳು ಇಡತಿದ್ಲು ನೋಡು!"

"ನಮ್ಮ ಕಡೆ ಅಕ್ಕಿ" ಎಂದಳು ಹಿಂದೆ ನಿಂತವಳು. ಅಂಗಡಿ ಮುಂದೆ ಮಾತಿಗೆ ಮಾತು ಬೆಳೆಯಿತು. ಕೌದಿ ಬಾಳವ್ವನ ಹೆಗಲೇರಿತು.

"ನಾನೂ ಮಾತಾಡಿದೆನಲ್ಲ!" ಎಂದು ರಗ್ಗು ಗೊಣಗಿತು.

"ಮಾತೆಲ್ಲ ನೀನೇ ಆಡಿ ಮುಗಿಸಿದೆ. ಅವರಿಗೇನು ಉಳಿಸಿದೆ?" ಎಂದು ಕೌದಿ ಹೊರಟುಹೋಯಿತು.

ಸಂಜೆ ಕುರಿ ಕಾಯುವ ಅಜ್ಜನೊಬ್ಬ ಅಂಗಡಿ ದಾಟುತ್ತಿದ್ದ. ರಗ್ಗು ಮೆಲ್ಲಗೆ ಶುರುಮಾಡಿತು: "ಅಜ್ಜಾ, ನಾನು ಬಂದ ಲಾರಿ ದಾರಿಯಲ್ಲಿ ಕೆಟ್ಟು ನಿಂತಿತು. ಅಲ್ಲೊಂದು ಕುರಿಮರಿ ಚಳಿಗೆ ನಡುಗುತ್ತಿತ್ತು. ಡ್ರೈವರ್ ಅದನ್ನೆತ್ತಿ ನನ್ನೊಳಗೆ ಸುತ್ತಿದ..."

ಅಜ್ಜ ನಿಂತ. ಕೋಲು ಕೆಳಗಿಟ್ಟು ಕೂತೇಬಿಟ್ಟ.

"ಆಮ್ಯಾಲ?"