ಬಾಯಿ ತುಂಬ ವೀಳ್ಯ

"ನಾನು ಮುಗಿಸಿದ ವ್ಯಾಪಾರಕ್ಕೆ ಇಲ್ಲಿಯವರೆಗೆ ಒಬ್ಬರೂ ಬೇಡ ಅಂದಿಲ್ಲ, ನಾಯಕರೇ!"

ಬಿಳಿಗಲ್ಲು ಕೋಟೆಯ ಸಭೆಯಲ್ಲಿ ಸಾಂತಪ್ಪ ಶೆಟ್ಟಿ ಎದೆ ತಟ್ಟಿಕೊಂಡ. ಎದುರಿಗೆ ಕಂಬಳಿ ನೇಯುವ ಮಾಳವ್ವ ತನ್ನ ಟಗರಿನ ಹಗ್ಗ ಬಿಗಿಯಾಗಿ ಹಿಡಿದು ನಿಂತಿದ್ದಳು.

"ಏನಾಯ್ತಮ್ಮ?" ಸಿಂಗಪ್ಪ ನಾಯಕ ಕೇಳಿದ.

"ಇವ್ರಿಗೆ ಒಂದು ಗಾಡಿ ಕಂಬಳಿ ಮಾರಿದೆ, ಬುದ್ಧಿ. ಬೆಲೆ ಕುದುರಿತು. ಪದ್ಧತಿಯಂಗೆ ಇಬ್ರೂ ವೀಳ್ಯ ಹಾಕ್ಕೊಂಡ್ವಿ. ಅಲ್ಲಿಗೆ ಮುಗೀಬೇಕಲ್ಲ? ಇವ್ರು ಹಾಕ್ಕೊಂಡಿದ್ದು ಚೂರು ಎಲೆ. ನನ್ನ ಬಾಯಿ ತುಂಬಿದ್ದಾಗ ಈ ಯಪ್ಪ, 'ಕಂಬಳಿ ಜೊತೆ ಟಗರೂ ನಂದು, ಬೇಡ ಅಂದ್ರೆ ಈಗ್ಲೇ ಹೇಳು' ಅಂದ್ರು. ಈ ಟಗರು ಹೋದ್ರೆ ನನ್ನ ಹಿಂಡಿಗೆ ಮರಿ ಇಲ್ಲ, ಮಗ್ಗಕ್ಕೆ ಉಣ್ಣೆ ಇಲ್ಲ."

"ಉಗುಳಿ ಹೇಳಬಹುದಿತ್ತಲ್ಲ?" ಶೆಟ್ಟಿ ನಕ್ಕ.

"ವೀಳ್ಯ ಉಗುಳಿದ್ರೆ ವ್ಯಾಪಾರಾನೇ ಮುರಿದಂಗೆ! ಅದಕ್ಕೇ ಬೇಡ ಅಂತ ತಲೆ ಅಲ್ಲಾಡಿಸ್ದೆ."

"ತಲೆ ಗಾಳಿಗೂ ಅಲ್ಲಾಡುತ್ತೆ. ಮಾತು ಬರಲಿಲ್ಲ, ಒಪ್ಪಿದ ಹಾಗೆ."

ನಾಯಕ ಮೀಸೆ ತುರಿಸಿಕೊಂಡ. ಪಕ್ಕದಲ್ಲಿದ್ದ ವಿದೂಷಕ ಕೊಟ್ರಯ್ಯನ ಕಡೆ ನೋಡಿದ.

"ಶೆಟ್ಟರ ನಿಯಮ ಚೆನ್ನಾಗಿದೆ" ಅಂದ ಕೊಟ್ರಯ್ಯ. "ಇಂಥ ಜಾಣರಿಗೆ ಮೊದಲು ತಮ್ಮ ಕೈಯಿಂದ ತಾಂಬೂಲ ಆಗಲಿ."

ಶೆಟ್ಟಿ ಅರಳಿಹೋದ. ಕೊಟ್ರಯ್ಯನೇ ಮಡಿಸಿದ. ಎಲೆಯ ಮೇಲೆ ಎಲೆ, ಅಡಿಕೆ, ಸುಣ್ಣ, ಮತ್ತೆ ಎಲೆ. ನಾಯಕ ಕೊಟ್ಟ. ಶೆಟ್ಟಿ ಕಣ್ಣಿಗೊತ್ತಿ ಬಾಯಿಗೆ ತುರುಕಿಕೊಂಡ. ಕೆನ್ನೆಗಳೆರಡೂ ಉಬ್ಬಿದವು.

ಕೊಟ್ರಯ್ಯ ಮಾಳವ್ವನ ಕಿವಿಯಲ್ಲಿ ಏನೋ ಹೇಳಿದ. ಅವಳು ಸೆರಗಿನ ಮರೆಯಲ್ಲಿ ನಕ್ಕಳು.

"ಶೆಟ್ಟರೇ, ಮಾಳವ್ವನ ಪರವಾಗಿ ಒಂದು ಮಾತು ಸೇರಿಸ್ತೀನಿ. ಟಗರು ನಿಮಗೆ. ಹೊರಗೆ ಕಟ್ಟಿರೋ ನಿಮ್ಮ ಬಿಳಿ ಕುದುರೆ ಇವಳಿಗೆ. ಬೇಡ ಅಂದ್ರೆ ಈಗ್ಲೇ ಹೇಳಿ."

"ಮ್ಮ್ಮ್!" ಶೆಟ್ಟಿಯ ಕಣ್ಣುಗಳು ಹೊರಬಂದವು. ನಾಯಕ ಕೊಟ್ಟ ತಾಂಬೂಲ, ಸಭೆಯಲ್ಲಿ ಉಗುಳುವಂತಿಲ್ಲ. ತಲೆಯನ್ನು ಎಡಕ್ಕೂ ಬಲಕ್ಕೂ ಬೀಸಿದ. ಕೆಂಪು ರಸ ಗಲ್ಲದ ಮೇಲೆ ಇಳಿಯಿತು.

"ಇವತ್ತು ಗಾಳಿ ಜೋರು" ಅಂದ ಕೊಟ್ರಯ್ಯ. "ಮಾತಂತೂ ಬರಲಿಲ್ಲ. ಮಾಳವ್ವ, ಕುದುರೆ ಬಿಚ್ಚಮ್ಮ."

ಶೆಟ್ಟಿ ಕಣ್ಣು ಮುಚ್ಚಿ ಬಾಯಲ್ಲಿದ್ದುದನ್ನೆಲ್ಲ ಒಂದೇ ಗುಟುಕಿಗೆ ನುಂಗಿದ. ಬಿಕ್ಕಳಿಕೆ ಶುರುವಾಯಿತು. "ಇದು... ಹಿಕ್... ಅನ್ಯಾಯ! ವ್ಯಾಪಾರ ಮುಗಿದ ಮೇಲೆ ಒಬ್ಬರೇ ಮಾತು ಸೇರಿಸಿದರೆ ಅದು... ಹಿಕ್... ಹೇಗೆ ನಿಲ್ಲುತ್ತೆ?"

"ನಾಯಕರೇ, ತೀರ್ಪನ್ನು ಶೆಟ್ಟರೇ ಕೊಟ್ಟರು" ಅಂದ ಕೊಟ್ರಯ್ಯ.

ಸಭೆ ಗೊಳ್ಳೆಂದಿತು. ಕುದುರೆ ಶೆಟ್ಟಿಗೆ ಉಳಿಯಿತು, ಟಗರು ಮಾಳವ್ವನಿಗೆ. ಕಂಬಳಿಯ ವ್ಯಾಪಾರ ಮೊದಲು ಆಡಿದ ಮಾತಿನಂತೆಯೇ ನಡೆಯಿತು.

ನಾಯಕ ನಗುತ್ತ ಕೊಟ್ರಯ್ಯನಿಗೂ ಒಂದು ತಾಂಬೂಲ ಚಾಚಿದ. "ನಿನಗೊಂದು ಜೋಡಿ ಎತ್ತು ಬಹುಮಾನ. ತಗೋ, ಹಾಕ್ಕೋ."

ಕೊಟ್ರಯ್ಯ ತಾಂಬೂಲವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ.

"ಯಾಕೋ, ತಿನ್ನಲ್ವಾ?"

"ಎತ್ತು ನನ್ನ ಕೊಟ್ಟಿಗೆ ಸೇರಲಿ, ನಾಯಕರೇ. ಅಲ್ಲಿವರೆಗೆ ಬಾಯಿ ಖಾಲಿ ಇರಲಿ."