ಸಂಪುಟ ಸಭೆಯ ಮೊದಲ ಲೋಟ

ಹನ್ನೊಂದು ಪಕ್ಷ ಸೇರಿ ದೆಹಲಿಯಲ್ಲಿ ಸರಕಾರ ಮಾಡಿದ್ದ ಕಾಲ. ನಮ್ಮ ದೊಡ್ಡಪ್ಪ ಸಂಪುಟ ಸಭೆಗೆ ಕಾಫಿ ಕೊಡುತ್ತಿದ್ದರು.

ಒಂದು ದಿನ ನಾಲ್ಕೇ ಸಂಸದರ ಪಕ್ಷದ ಮಂತ್ರಿ ಮೇಜು ಕುಟ್ಟಿದರು. "ಇನ್ನು ಮೊದಲ ಲೋಟ ನನಗೇ ಬರಬೇಕು. ಇಲ್ಲದಿದ್ದರೆ ಬೆಂಬಲ ವಾಪಸ್!" ಉಳಿದ ಪಕ್ಷದವರೂ "ನಮಗೆ, ನಮಗೆ" ಅಂತ ಎದ್ದು ನಿಂತರು. ಪ್ರಧಾನಿಗಳು ತಲೆ ಮೇಲೆ ಕೈಹೊತ್ತು ಕೂತರು.

ದೊಡ್ಡಪ್ಪ ತಟ್ಟೆ ಕೆಳಗಿಟ್ಟು ಕೈಮುಗಿದರು. "ಆಗಲಿ ಸ್ವಾಮಿ. ಬೇಸಿಗೆ ನೋಡಿ, ಹಾಲು ಕೆಟ್ಟಿದೆಯೋ ಏನೋ ಅಂತ ದಿನಾ ಮೊದಲ ಲೋಟ ನಾನೇ ಕುಡಿದು ನೋಡ್ತೀನಿ. ಇವತ್ತು ಇನ್ನೂ ನೋಡಿಲ್ಲ. ತಮಗೇ ಕೊಡಲಾ?"

ಮಂತ್ರಿಗಳು ಚಾಚಿದ್ದ ಕೈ ಹಿಂದಕ್ಕೆ ಎಳೆದುಕೊಂಡರು. "ಛೆ ಛೆ, ಹಿರಿಯರು ಇರುವಾಗ ನಾನೇ? ಪ್ರಧಾನಿಗಳಿಗೆ ಕೊಡಪ್ಪಾ." ಉಳಿದವರೆಲ್ಲ, "ಹೌದು, ಹೌದು, ಪ್ರಧಾನಿಗಳಿಗೇ!" ಅಂದರು.

ಪ್ರಧಾನಿಗಳು ಒಂದು ಗುಟುಕು ಕುಡಿದು ನಕ್ಕರು. "ಹನ್ನೊಂದು ಪಕ್ಷವೂ ಒಂದೇ ಮಾತಿಗೆ ಬಂದಿದ್ದು ಇದೇ ಮೊದಲು."

ಆ ಸರಕಾರ ಮಳೆಗಾಲ ಕಾಣಲಿಲ್ಲ. ದೊಡ್ಡಪ್ಪನೂ ಈಗಿಲ್ಲ. ಊರಿಗೆ ಬಂದಾಗಲೆಲ್ಲ ಈ ಕಥೆ ಹೇಳಿ, ಕೊನೆಗೆ ನನ್ನ ಕಿವಿಯ ಹತ್ತಿರ ಬಗ್ಗುತ್ತಿದ್ದರು:

"ಅಡುಗೆಮನೆಯಲ್ಲೇ ಒಂದು ಲೋಟ ಕುಡಿದು ಬಂದಿದ್ದೆ ಕಣೋ. ಅವತ್ತೂ ಮೊದಲನೇದು ನಂದೇ!"