ಚಾಪೆ ಸವೆದ ಜಾಗ

"ಕೇಳಿರಿ, ಕೇಳಿರಿ! ಜಪಾನಿನ ಗುರು ಹಮಾನೊ ತೀರಿಕೊಂಡಿದ್ದಾರೆ. ಅವರ ಗರಡಿಗೆ ಯಜಮಾನ ಬೇಕು. ರಾಜಕುಮಾರಿ ಚಿತ್ರಾಂಬೆ ಮೂರು ಒಗಟು ಒಡ್ಡುತ್ತಾಳೆ. ಬಿಡಿಸಿದವನಿಗೆ ಗರಡಿ, ಜೊತೆಗೆ ಒಂದು ವರ. ತಪ್ಪಿದವನ ತಲೆ ಸಂಜೆಗೆ ಹಾರುತ್ತದೆ!"

ಹೊನ್ನಳಿವೆಯ ಅರಸ ವೀರಪ್ಪ ಹೀಗೆ ಡಂಗುರ ಸಾರಿಸಿದಾಗ ಚಾಪೆ ಹೆಣೆಯುವ ದೂಮ ತಲೆಯೆತ್ತಿಯೂ ನೋಡಲಿಲ್ಲ. ಹಮಾನೊ ಗುರು ಹಡಗಿನಲ್ಲಿ ಬಂದು ಜೂಡೊ ಕಲಿಸತೊಡಗಿದ ಮೇಲೆ ಗರಡಿಗೆ ಹಾಸುವ ದಪ್ಪ ಹುಲ್ಲುಚಾಪೆ ಹೆಣೆಯುವವನು ಇವನೇ. ಗುರುವಿನ ಶಿಷ್ಯರು ಸಿಂಹಳ, ಮಲಯ, ಅರಬರ ನಾಡುಗಳಲ್ಲಿ ಗರಡಿ ತೆರೆದ ಮೇಲೆ ಅಲ್ಲಿನ ಚಾಪೆಗಳೂ ಹಡಗೇರಿ ದುರಸ್ತಿಗೆ ಇವನ ಅಂಗಳಕ್ಕೇ ಬರುತ್ತಿದ್ದವು. ನಂಟು ಅಷ್ಟೇ. ಯಜಮಾನಿಕೆಯ ಆಸೆ ಅವನ ಕನಸಿನಲ್ಲೂ ಇರಲಿಲ್ಲ.

ಅವನ ಅಣ್ಣ ಬೊಮ್ಮನಿಗೆ ಇತ್ತು. ಬೊಮ್ಮ ಹೆಸರುವಾಸಿ ಪೈಲವಾನ, ಇಪ್ಪತ್ತು ವರ್ಷ ಬೆನ್ನಿಗೆ ಮಣ್ಣು ತಾಗಿಸಿಕೊಂಡವನಲ್ಲ. ಬೆನ್ನು ನೆಲ ಮುಟ್ಟಿತೆಂದರೆ ಮಾನ ಹೋಯಿತೆಂದೇ ಆ ಊರಿನ ಪೈಲವಾನರು ತಿಳಿದಿದ್ದರು. ಎದೆಯುಬ್ಬಿಸಿ ಹೋದ ಅಣ್ಣ ಮೊದಲ ಒಗಟಿಗೇ ತಪ್ಪಿದನೆಂದು ಮಧ್ಯಾಹ್ನ ಸುದ್ದಿ ಬಂತು. ದೂಮ ಕೈಯಲ್ಲಿದ್ದ ಹುಲ್ಲು ಬಿಸಾಕಿ ಅರಮನೆಗೆ ಓಡಿದ.

ಬೊಮ್ಮನನ್ನು ಕಂಬಕ್ಕೆ ಬಿಗಿದಿದ್ದರು. ಪಕ್ಕದ ಕಂಬದಲ್ಲಿ ಹಡಗಿನ ವ್ಯಾಪಾರಿಯ ಮಗ. ಮೂರನೆಯ ಕಂಬ ಖಾಲಿಯಿತ್ತು, ಅದರೆದುರು ದಂಡನಾಯಕ ಮಲ್ಲರಸ ಮೀಸೆ ತಿರುವುತ್ತ ನಿಂತಿದ್ದ.

ಚಿತ್ರಾಂಬೆ ಅವನಿಗೂ ಅದೇ ಮೊದಲ ಒಗಟು ಕೇಳಿದಳು: "ಗರಡಿಗೆ ಬಂದವನು ಮೊದಲ ದಿನ ಕಲಿಯುವ ವಿದ್ಯೆ, ಕೊನೆಯ ದಿನವೂ ಬಿಡಲಾಗದ ವಿದ್ಯೆ. ಅರಿಯದವನ ಮೂಳೆ ಮುರಿಯುತ್ತದೆ. ಯಾವುದು?"

ಬೊಮ್ಮ 'ಪಟ್ಟು' ಎಂದು ಕೆಟ್ಟಿದ್ದ, ವ್ಯಾಪಾರಿಯ ಮಗ 'ಧೈರ್ಯ' ಎಂದು. ಮಲ್ಲರಸ "ಬಲ!" ಎಂದು ಗುಡುಗಿದ. ಮೂರನೆಯ ಕಂಬವೂ ತುಂಬಿತು.

"ನಾನು ಹೇಳಲಾ, ಅಮ್ಮ?" ಎಂದ ದೂಮ.

"ಚಾಪೆಯವನಾ?" ಕಟ್ಟಿಹಾಕಿದ್ದರೂ ಮಲ್ಲರಸ ನಕ್ಕ, ಸಭೆಯೂ ನಕ್ಕಿತು. ಬೊಮ್ಮ ನಗಲಿಲ್ಲ. "ಹೋಗೋ ಮನೆಗೆ! ಒಬ್ಬ ಸತ್ತರೆ ಸಾಕು!" ಎಂದು ಕೂಗಿದ.

ದೂಮ ಕದಲಲಿಲ್ಲ. "ಬೀಳುವುದು, ಅಮ್ಮ. ಹೊಸ ಚಾಪೆ ತಂದಾಗೆಲ್ಲ ಗುರುಗಳು ಮೊದಲು ತಾವೇ ಬಿದ್ದು ನೋಡೋರು. ಬೀಳಲಿಕ್ಕೆ ಹೆದರುವವನು ಮೈ ಬಿಗಿ ಹಿಡೀತಾನೆ, ಅವನ ಕೈಯೇ ಮುರಿಯೋದು ಅಂತ ಹೇಳೋರು."

ಸಭೆಯ ನಗು ನಿಂತಿತು. ಚಿತ್ರಾಂಬೆ ಮುಂದಕ್ಕೆ ಬಾಗಿ ಕುಳಿತಳು. "ಎಷ್ಟು ಬಾರಿ ಎತ್ತಿ ಎಸೆದರೂ ನಿನ್ನನ್ನು ಬೆಳೆಸುತ್ತದೆ. ಅದನ್ನು ಮುರಿದ ದಿನ ನಿನ್ನ ಕಲಿಕೆಯೂ ಮುಗಿಯುತ್ತದೆ. ಯಾವುದು?"

"ಚಾ..." ಎಂದ ದೂಮ. ಕಸುಬಿನ ಮಾತು ನಾಲಿಗೆ ತುದಿಗೆ ಬಂದಿತ್ತು. ತಲೆ ಕಡಿಯುವ ಕಟುಕ ಕತ್ತಿ ಹಿರಿದು ಒಂದು ಹೆಜ್ಜೆ ಮುಂದಿಟ್ಟ. ದೂಮ ಬಾಯಿ ಮುಚ್ಚಿಕೊಂಡ. ಚಾಪೆಯನ್ನು ಯಾರಾದರೂ ಎತ್ತಿ ಎಸೆಯುತ್ತಾರೆಯೇ? ಹರಿದರೆ ಇನ್ನೊಂದು ಹೆಣೆದರಾಯಿತು. ಗರಡಿಯಲ್ಲಿ ಎತ್ತಿ ಎಸೆಯುವುದು ಮನುಷ್ಯನನ್ನು.

"ಎದುರಾಳಿ," ಎಂದ. "ಅವನು ಇಲ್ಲದಿದ್ದರೆ ಕಲಿಯೋದು ಯಾರ ಜೊತೆ?"

"ಸರಿ. ಇನ್ನೊಂದೇ. ಈ ವಿದ್ಯೆ ಸಮುದ್ರ ದಾಟಿತು. ಭಾಷೆ ಬದಲಾಯಿತು, ಉಡುಗೆ ಬದಲಾಯಿತು, ಕೆಲವೆಡೆ ಪಟ್ಟುಗಳೂ ಬದಲಾದವು. ಎಲ್ಲಿಯೂ ಬದಲಾಗದೆ ಉಳಿದದ್ದೇನು?"

ದೂಮ ಅಳಿವೆ ದಾಟಿ ಕಡಲಿಗೆ ಹೋದವನೇ ಅಲ್ಲ, ಆ ನಾಡುಗಳ ಸುದ್ದಿ ಅವನಿಗೇನು ಗೊತ್ತು? ಕಿಟಕಿಯಲ್ಲಿ ಬಿಸಿಲು ಕೆಂಪಾಗುತ್ತಿತ್ತು. ಅಣ್ಣನ ಕಡೆ ನೋಡಲು ಧೈರ್ಯ ಸಾಲದೆ ತನ್ನ ಕೈಗಳನ್ನೇ ನೋಡಿಕೊಂಡ. ಎಷ್ಟು ನಾಡಿನ ಚಾಪೆ ಹೊಲಿದ ಕೈಗಳು! ಅರಬರದ್ದರಲ್ಲಿ ಮರಳು, ಮಲಯದ್ದರಲ್ಲಿ ಬೂಷ್ಟು. ಆದರೆ ಎಲ್ಲವೂ ಸವೆದು ಬರುತ್ತಿದ್ದದ್ದು ಒಂದೇ ಜಾಗದಲ್ಲಿ. ಅಂಚಿನ ಹತ್ತಿರ ಎರಡು ಮಂಡಿಯ ಗುರುತು, ಅದರ ಮುಂದೆ ಎರಡು ಅಂಗೈಯದು.

"ವಂದನೆ," ಎಂದ. "ಎಲ್ಲ ಕಡೆಯೂ ಮಂಡಿಯೂರಿ, ಕೈಯೂರಿ ಎದುರಿನವನಿಗೆ ತಲೆ ಬಾಗುತ್ತಾರೆ. ಗೆದ್ದವನೂ, ಸೋತವನೂ. ಚಾಪೆ ಸವೆಯೋದೇ ಅಲ್ಲಿ."

ಚಿತ್ರಾಂಬೆಯ ಕಣ್ಣು ತುಂಬಿತು. "ದೂರದ ಶಿಷ್ಯರು ಗುರುಗಳಿಗೆ ಬರೆದ ಓಲೆಗಳಲ್ಲೆಲ್ಲ ಇದೇ ಇದೆ. ಗರಡಿ ನಿನ್ನದು."

"ವರವಾಗಿ ಅಣ್ಣನನ್ನು ಕರೆದುಕೊಂಡು ಹೋಗು," ಎಂದ ಅರಸ. "ಉಳಿದಿಬ್ಬರ ತಲೆ ಹೋಗಲಿ."

"ಮೂವರನ್ನೂ ಬಿಡಿ, ಒಡೆಯಾ."

"ಒಂದೇ ವರ ಎಂದಿದ್ದೇನೆ!"

"ಹೌದು. ಎದುರಾಳಿಗಳು ಬೇಕು ಅನ್ನೋದೇ ಆ ಒಂದು ವರ. ಇವರನ್ನೆಲ್ಲ ಕಡಿದ ಮೇಲೆ ಖಾಲಿ ಗರಡಿ ಇಟ್ಟುಕೊಂಡು ನಾನೇನು ಮಾಡಲಿ?"

ಅರಸನ ಮುಖ ಕೆಂಪೇರಿತು. ಕಟುಕ ಅವನ ಕೈಸನ್ನೆಗೆ ಕಾದು ನಿಂತ. "ಎದುರಾಳಿ ಎಂಬ ಎರಡನೆಯ ಉತ್ತರ ಸರಿಯೆಂದು ಒಪ್ಪಿದವರು ನಾವೇ, ಅಪ್ಪಾಜಿ," ಎಂದಳು ಚಿತ್ರಾಂಬೆ. ಅರಸ ಕೊನೆಗೆ ಕತ್ತಿ ಒಳಗಿಡುವಂತೆ ಸನ್ನೆ ಮಾಡಿದ.

ಹಗ್ಗ ಬಿಚ್ಚಿದರು. ಬೊಮ್ಮನ ಕಾಲು ಜೋಮು ಹಿಡಿದಿತ್ತು. ಒಂದು ಹೆಜ್ಜೆ ಇಟ್ಟವನು ತುಂಬಿದ ಸಭೆಯೆದುರು ಅಂಗಾತ ಬಿದ್ದ. ದೂಮ ಓಡಿಹೋಗಿ ಕೈ ಚಾಚಿದ.

"ಏಳಣ್ಣಾ, ಎಲ್ಲ ನೋಡ್ತಿದ್ದಾರೆ."

ಬೊಮ್ಮ ತಮ್ಮನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ, ಏಳಲಿಲ್ಲ.

"ನೋಡಲಿ ಬಿಡೋ," ಎಂದ.